ಅರಿವಳಿಕೆಯ ವಿದ್ಯೆಗೆ ಅರ್ಜಿ: ಬಾಗಿಲಲ್ಲಿ ಕೇಳಬೇಕಾದುದೇನು?

ಶಸ್ತ್ರಕ್ರಿಯೆಯ ಮೇಜಿನ ಮೇಲೆ ಮಲಗಿದ ಮನುಷ್ಯನು ತನ್ನ ಉಸಿರನ್ನು ಮತ್ತೊಬ್ಬರ ಕೈಯಲ್ಲಿ ಇಟ್ಟಿರುತ್ತಾನೆ. ಶಸ್ತ್ರವನ್ನು ಹಿಡಿದ ವೈದ್ಯನ ಹೆಸರನ್ನು ಅವನೂ ಅವನ ಮನೆಯವರೂ ಬಲ್ಲರು. ಆದರೆ ತಲೆಯ ಬಳಿಯಲ್ಲಿ ನಿಂತು, ಅವನ ಅರಿವನ್ನು ಮರೆಸಿ, ಅರಿವಿಲ್ಲದ ಹೊತ್ತಿನಲ್ಲಿ ಅವನ ನಾಡಿಯನ್ನೂ ಉಸಿರನ್ನೂ ಕಾಯ್ದು, ಕಾರ್ಯವು ಮುಗಿದ ಮೇಲೆ ಅವನನ್ನು ಮರಳಿ ಈ ಲೋಕಕ್ಕೆ ಕರೆತರುವವರ ಹೆಸರನ್ನು ಕೇಳುವವರು ವಿರಳ. ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಈ ಹೊಣೆಯನ್ನು ಹೊತ್ತವರು ವೈದ್ಯರು ಮಾತ್ರವಲ್ಲ, ದಾದಿಯರೂ ಬಹುಸಂಖ್ಯೆಯಲ್ಲಿ ಇರುವರೆಂಬ ಸಂಗತಿಯು ನಮ್ಮ ವಾಚಕರಲ್ಲಿ ಅನೇಕರಿಗೆ ಹೊಸದಾಗಿ ತೋರಬಹುದು. ಆ ದೇಶದ ಅರಿವಳಿಕೆ ದಾದಿಯರ ಸಂಘದವರು ಹೇಳುವಂತೆ, ಇವರು ವರ್ಷವೊಂದಕ್ಕೆ ೫ ಕೋಟಿಗೂ ಮಿಕ್ಕಿ ಸಲ ರೋಗಿಗಳಿಗೆ ಅರಿವಳಿಕೆಯನ್ನು ಕೊಡುತ್ತಾರೆ. ಹಳ್ಳಿಗಾಡಿನ ಎಷ್ಟೋ ಆಸ್ಪತ್ರೆಗಳಲ್ಲಿ ಈ ವಿದ್ಯೆಯನ್ನು ಬಲ್ಲವರು ಇವರನ್ನು ಬಿಟ್ಟರೆ ಬೇರೆ ಯಾರೂ ಇಲ್ಲ.

ಇಂಥ ವಿದ್ಯೆಯನ್ನು ಕಲಿಯಬಯಸಿ ಬಾಗಿಲಲ್ಲಿ ನಿಂತವರನ್ನು ಏನೆಂದು ಕೇಳಬೇಕು? ಇಂದು ನಾವು ವಿಚಾರಿಸತಕ್ಕ ವಿಷಯವು ಇದೇ. ಅಭ್ಯರ್ಥಿಯ ಕೈ ನುರಿತಿದೆಯೇ, ಮನಸ್ಸು ಸ್ಥಿರವಾಗಿದೆಯೇ ಎಂದು ಕೇಳುವ ಬಾಗಿಲು ಒಂದು ಬಗೆಯದು. ಕೈಚೀಲವು ಎಷ್ಟು ಭಾರವಾಗಿದೆ ಎಂದು ಕೇಳುವ ಬಾಗಿಲು ಇನ್ನೊಂದು ಬಗೆಯದು. ಅಮೇರಿಕದವರು ಬಹುಕಾಲ ಮೊದಲನೆಯ ಪ್ರಶ್ನೆಯನ್ನು ಚೆನ್ನಾಗಿ ಕೇಳಿಕೊಂಡು ಬಂದರು. ಈಗ ಎರಡನೆಯ ಪ್ರಶ್ನೆಯು ಮೊದಲನೆಯದನ್ನು ನುಂಗುವ ಭಯವು ಹುಟ್ಟಿದೆ. ನಮ್ಮ ದೇಶದಲ್ಲಿಯಾದರೋ ನುರಿತ ದಾದಿಗೆ ಅಂಥ ಬಾಗಿಲೇ ಇಲ್ಲವೆಂದು ಹೇಳಬೇಕಾಗಿದೆ.

ಮೊದಲು ಈ ವೃತ್ತಿಯ ಚರಿತ್ರೆಯನ್ನು ಸ್ವಲ್ಪ ನೋಡೋಣ. ೧೮೪೬ನೆಯ ಇಸವಿಯ ಅಕ್ಟೋಬರ್ ೧೬ರಂದು ಬೋಸ್ಟನ್ ನಗರದಲ್ಲಿ ಮಾರ್ಟನ್ ಎಂಬವನು ಈಥರನ್ನು ಮೂಸಿಸಿ ರೋಗಿಯ ನೋವನ್ನು ಮರೆಸಿದ ದಿನದಿಂದ ಶಸ್ತ್ರವೈದ್ಯವು ಹೊಸ ಯುಗವನ್ನು ಕಂಡಿತು. ಆದರೆ ಈಥರನ್ನು ಹಿಡಿದು ಕೂಡುವ ಕೆಲಸವು ಕೀಳೆಂದು ಎಣಿಸಲ್ಪಟ್ಟು, ಕೈಗೆ ಸಿಕ್ಕಿದ ವಿದ್ಯಾರ್ಥಿಗೋ ಆಳಿಗೋ ಅದನ್ನು ಒಪ್ಪಿಸುವ ರೂಢಿಯು ಬೆಳೆಯಿತು. ಆ ವಿದ್ಯಾರ್ಥಿಯ ಕಣ್ಣು ರೋಗಿಯ ಮುಖದ ಮೇಲಿರುವುದಕ್ಕೆ ಬದಲು ಶಸ್ತ್ರವೈದ್ಯನ ಕೈಚಳಕದ ಮೇಲೆ ಇರುತ್ತಿದ್ದಿತು. ಇದರ ಫಲವನ್ನು ರೋಗಿಗಳು ಪ್ರಾಣದಿಂದ ತೆತ್ತರು. ಆಗ ವಿವೇಕಿಗಳಾದ ಶಸ್ತ್ರವೈದ್ಯರು, ಬೇರೆ ಯಾವ ಆಸೆಯನ್ನೂ ಇಟ್ಟುಕೊಳ್ಳದೆ ರೋಗಿಯನ್ನೇ ನೋಡುವವರು ಯಾರೆಂದು ಹುಡುಕಿ, ದಾದಿಯರ ಕಡೆಗೆ ತಿರುಗಿದರು.

೧೮೭೭ರಲ್ಲಿ ಪೆನ್ಸಿಲ್ವೇನಿಯಾ ಪ್ರಾಂತದ ಈರಿ ಪಟ್ಟಣದ ಆಸ್ಪತ್ರೆಯಲ್ಲಿ ಸಿಸ್ಟರ್ ಮೇರಿ ಬರ್ನಾರ್ಡ್ ಎಂಬ ಸಂನ್ಯಾಸಿನಿಯು ಈ ಕಾರ್ಯವನ್ನು ಕೈಕೊಂಡಳು. ಮಿನೆಸೋಟಾ ಪ್ರಾಂತದಲ್ಲಿ ಮೇಯೋ ಸಹೋದರರ ಬಳಿ ಕೆಲಸ ಮಾಡಿದ ಆಲಿಸ್ ಮೆಗಾ ಎಂಬಾಕೆಯು, ಅರಿವಳಿಕೆಯ ಕಾರಣದಿಂದ ಒಂದು ಸಾವೂ ಸಂಭವಿಸದೆ ೧೪,೦೦೦ಕ್ಕೂ ಮೇಲ್ಪಟ್ಟ ಅರಿವಳಿಕೆಗಳನ್ನು ನಡೆಸಿದ ವೃತ್ತಾಂತವನ್ನು ೧೯೦೬ರಲ್ಲಿ ಪ್ರಕಟಿಸಿದಳು. ಅಗಾಥಾ ಹಾಡ್ಜಿನ್ಸ್ ಎಂಬ ದಾದಿಯು ಶಸ್ತ್ರವೈದ್ಯ ಜಾರ್ಜ್ ಕ್ರೈಲನ ಬೆಂಬಲದಿಂದ ೧೯೧೫ರಲ್ಲಿ ಕ್ಲೀವ್‌ಲೆಂಡಿನ ಲೇಕ್‌ಸೈಡ್ ಆಸ್ಪತ್ರೆಯಲ್ಲಿ ಇದಕ್ಕೆಂದೇ ಒಂದು ಶಾಲೆಯನ್ನು ತೆರೆದಳು. ೧೯೩೧ರಲ್ಲಿ ಅವಳ ಮುಂದಾಳುತನದಲ್ಲಿ ಈ ದಾದಿಯರ ಸಂಘವು ಹುಟ್ಟಿತು.

ವೈದ್ಯರಲ್ಲಿ ಕೆಲವರು ಇದನ್ನು ಸಹಿಸಲಿಲ್ಲ. ದಾದಿಯು ಅರಿವಳಿಕೆ ಕೊಡುವುದು ಅನುಮತಿಯಿಲ್ಲದೆ ವೈದ್ಯವೃತ್ತಿಯನ್ನು ನಡೆಸಿದಂತೆ ಎಂದು ಕ್ಯಾಲಿಫೋರ್ನಿಯಾದಲ್ಲಿ ಡಾಗ್ಮಾರ್ ನೆಲ್ಸನ್ ಎಂಬ ದಾದಿಯ ಮೇಲೆ ದಾವೆಯನ್ನು ಹೂಡಿದರು. ಶಸ್ತ್ರವೈದ್ಯನ ನಿರ್ದೇಶದಲ್ಲಿ ನಡೆಯುವ ಈ ಕೆಲಸವು ವೈದ್ಯವೃತ್ತಿಯ ಅತಿಕ್ರಮವಲ್ಲವೆಂದು ೧೯೩೬ರಲ್ಲಿ ಆ ಪ್ರಾಂತದ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ೧೯೪೫ರಲ್ಲಿ ಸಂಘವು ತನ್ನ ಮೊದಲನೆಯ ಅರ್ಹತಾ ಪರೀಕ್ಷೆಯನ್ನು ನಡೆಸಿತು. ವಾಚಕರು ಇಲ್ಲಿ ಒಂದಂಶವನ್ನು ಗಮನಿಸಬೇಕು. ಈ ವೃತ್ತಿಯು ಯಾರ ದಾನದಿಂದಲೂ ದೊರೆತುದಲ್ಲ. ದುಡಿದು ತೋರಿಸಿ, ಲೆಕ್ಕವನ್ನು ಲೋಕದ ಮುಂದಿಟ್ಟು, ತಾವೇ ಕಟ್ಟುಪಾಡುಗಳನ್ನು ವಿಧಿಸಿಕೊಂಡು ಸಂಪಾದಿಸಿದುದು.

ಇನ್ನು ಅರ್ಜಿಯ ಕ್ರಮ. ಈ ಶಾಲೆಗಳಿಗೆ ಮಾನ್ಯತೆಯನ್ನು ಕೊಡುವ ಮಂಡಲಿಯ ನಿಯಮದಂತೆ, ಅಭ್ಯರ್ಥಿಯು ಶುಶ್ರೂಷಾಶಾಸ್ತ್ರದಲ್ಲಿ ಅಥವಾ ತಕ್ಕುದಾದ ಬೇರೆ ವಿಷಯದಲ್ಲಿ ಪದವೀಧರನಾಗಿರಬೇಕು. ನೋಂದಾಯಿತ ದಾದಿಯೆಂಬ ನಿರ್ಬಂಧವಿಲ್ಲದ ಪರವಾನಗಿಯನ್ನು ಹೊಂದಿರಬೇಕು. ಎಲ್ಲಕ್ಕೂ ಮಿಗಿಲಾಗಿ, ತೀವ್ರನಿಗಾ ಘಟಕದಲ್ಲಿ ಕಡಮೆಯೆಂದರೆ ಒಂದು ಪೂರ್ಣವರ್ಷ ದುಡಿದಿರಬೇಕು. ಒಂದು ವರ್ಷವೆಂಬುದು ಹೊಸಿಲು ಮಾತ್ರ. ಆಯ್ಕೆಯಾಗುವವರಲ್ಲಿ ಹೆಚ್ಚಿನವರು ಅದಕ್ಕಿಂತ ಹೆಚ್ಚು ಕಾಲ ದುಡಿದವರೇ. ಇದರ ಮೇಲೆ ಶಾಲೆಗಳು ತಮ್ಮ ತಮ್ಮ ಬೇಡಿಕೆಗಳನ್ನು ಸೇರಿಸುತ್ತವೆ. ರಸಾಯನಶಾಸ್ತ್ರ, ಶರೀರಕ್ರಿಯಾಶಾಸ್ತ್ರ ಮೊದಲಾದವುಗಳಲ್ಲಿ ಒಳ್ಳೆಯ ಅಂಕಗಳು, ಮೇಲಧಿಕಾರಿಗಳ ಶಿಫಾರಸು ಪತ್ರಗಳು, ಈ ವೃತ್ತಿಯಲ್ಲಿರುವವರ ಜೊತೆಯಲ್ಲಿ ಕೆಲವು ದಿನ ನಿಂತು ಕೆಲಸವನ್ನು ನೋಡಿದ ದಾಖಲೆ, ತನ್ನ ಉದ್ದೇಶವನ್ನು ತಿಳಿಸುವ ಸ್ವಹಸ್ತದ ಲೇಖನ, ಕೊನೆಯಲ್ಲಿ ಮುಖಾಮುಖಿ ಪರೀಕ್ಷೆ. ತೀವ್ರನಿಗಾ ಶುಶ್ರೂಷೆಯಲ್ಲಿ ಪರಿಣತಿಯ ಪ್ರಮಾಣಪತ್ರವನ್ನೂ ಹಲವು ಶಾಲೆಗಳು ಕೇಳುತ್ತವೆ. ಆ ಪರೀಕ್ಷೆಗೆ ಕೂಡುವ ಸಾಮಾನ್ಯ ಮಾರ್ಗವೆಂದರೆ, ಹಿಂದಿನ ಎರಡು ವರ್ಷಗಳಲ್ಲಿ ೧,೭೫೦ ಗಂಟೆಗಳ ಕಾಲ ಕಠಿನ ಸ್ಥಿತಿಯ ರೋಗಿಗಳನ್ನು ಕೈಯಾರೆ ನೋಡಿಕೊಂಡಿರುವುದು.

ಈ ಒಂದು ವರ್ಷದ ನಿಯಮವನ್ನು ನಾವು ಮನಸಾರ ಮೆಚ್ಚುತ್ತೇವೆ. ತೀವ್ರನಿಗಾ ಘಟಕವೆಂದರೆ ಎಂಥ ಪಾಠಶಾಲೆ! ಅಲ್ಲಿ ಯಂತ್ರವು ರೋಗಿಗೆ ಉಸಿರನ್ನು ಕೊಡುತ್ತಿರುತ್ತದೆ. ಧಮನಿಯೊಳಗೆ ಇಟ್ಟ ಸೂಜಿಯು ಕ್ಷಣಕ್ಷಣದ ರಕ್ತದೊತ್ತಡವನ್ನು ತಿಳಿಸುತ್ತಿರುತ್ತದೆ. ರಕ್ತನಾಳಗಳನ್ನು ಬಿಗಿಗೊಳಿಸುವ ಔಷಧವು ಹನಿಹನಿಯಾಗಿ ಇಳಿಯುತ್ತಿರುತ್ತದೆ. ಹನಿಯು ಸ್ವಲ್ಪ ಹೆಚ್ಚಿದರೂ ಅಪಾಯ, ತಗ್ಗಿದರೂ ಅಪಾಯ. ರಾತ್ರಿ ಎರಡು ಗಂಟೆಗೆ ಒತ್ತಡವು ಒಮ್ಮೆಲೇ ಕುಸಿದಾಗ, ರಕ್ತವು ಸೋರುತ್ತಿದೆಯೋ, ಹೃದಯವು ಸೋತಿದೆಯೋ, ಔಷಧದ ನಳಿಕೆಯು ಬರಿದಾಗಿದೆಯೋ ಎಂಬುದನ್ನು ಮೊದಲು ಕಾಣಬೇಕಾದವಳು ಹಾಸಿಗೆಯ ಪಕ್ಕದಲ್ಲಿರುವ ದಾದಿಯೇ. ಇಂಥ ನೂರು ರಾತ್ರಿಗಳನ್ನು ಕಳೆದವರಿಗೆ ಯಾವ ಗ್ರಂಥವೂ ಕೊಡಲಾರದ ಒಂದು ದೃಷ್ಟಿಯು ಬರುತ್ತದೆ. ಅರಿವಳಿಕೆಯ ಕಾರ್ಯಕ್ಕೆ ಬೇಕಾದುದು ಆ ದೃಷ್ಟಿಯೇ.

ಮುಖಾಮುಖಿ ಪರೀಕ್ಷೆಯಲ್ಲಿ ಕೇಳುವುದೂ ಇದನ್ನೇ. “ಇಂಥ ರೋಗಿ, ಇಂಥ ಔಷಧ, ಇಂಥ ಒತ್ತಡ, ಈಗ ಏನು ಮಾಡುವಿರಿ, ಏಕೆ?” ಎಂಬ ಬಗೆಯ ಪ್ರಶ್ನೆಗಳು ಬರುತ್ತವೆ. ಅದರೊಡನೆ, ನೀವು ಮಾಡಿದ ಒಂದು ತಪ್ಪನ್ನು ಹೇಳಿರಿ, ಅದನ್ನು ಹೇಗೆ ತಿದ್ದಿಕೊಂಡಿರಿ ಎಂದೂ ಕೇಳುವುದುಂಟು. ತನ್ನ ತಪ್ಪನ್ನು ಮರೆಮಾಚುವವನ ಕೈಯಲ್ಲಿ ಪರರ ಉಸಿರನ್ನು ಇಡಬಾರದು. ಬಾಯಿಪಾಠ ಮಾಡಿಕೊಂಡು ಬಂದವರಿಗೆ ಇಲ್ಲಿ ಗೆಲುವಿಲ್ಲ. ಕಂಡು ಉಂಡವರಿಗೆ ಮಾತ್ರ ಉತ್ತರವು ತಾನಾಗಿ ಬರುತ್ತದೆ. ಒಳಗೆ ಸೇರಿದ ಮೇಲೂ ಕಟ್ಟುನಿಟ್ಟು ಕಡಮೆಯಿಲ್ಲ. ಮೂರು ವರ್ಷಗಳ ಅಭ್ಯಾಸದಲ್ಲಿ ಕಡಮೆಯೆಂದರೆ ೬೦೦ ರೋಗಿಗಳಿಗೆ ಅರಿವಳಿಕೆ ಕೊಟ್ಟಿರಬೇಕು, ೨,೦೦೦ ಗಂಟೆಗಳನ್ನು ಆಸ್ಪತ್ರೆಯಲ್ಲಿ ಕಳೆದಿರಬೇಕು. ಅನಂತರ ರಾಷ್ಟ್ರೀಯ ಪರೀಕ್ಷೆ. ಇಷ್ಟರ ಮಟ್ಟಿಗೆ ಈ ಬಾಗಿಲು ಕೈಯನ್ನೂ ಮನಸ್ಸನ್ನೂ ಕೇಳುವ ಬಾಗಿಲೇ ಸರಿ.

ಆದರೆ ಬಾಗಿಲಿಗೆ ಹೊಸ ಅಗುಳಿಗಳು ಬಿದ್ದಿವೆ. ಮೊದಲು ಆಸ್ಪತ್ರೆಯ ಪ್ರಮಾಣಪತ್ರವಿದ್ದ ಈ ಶಿಕ್ಷಣವು ೧೯೯೮ರ ವೇಳೆಗೆ ಸ್ನಾತಕೋತ್ತರ ಪದವಿಯಾಯಿತು. ೨೦೨೨ನೆಯ ಜನವರಿ ೧ರಿಂದ ಹೊಸದಾಗಿ ಸೇರುವವರೆಲ್ಲರೂ ಡಾಕ್ಟರೇಟ್ ಪದವಿಯ ಕ್ರಮದಲ್ಲಿಯೇ ಸೇರಬೇಕೆಂಬ ನಿಯಮವು ಜಾರಿಗೆ ಬಂದಿತು. ವಿದ್ಯೆಯು ಹೆಚ್ಚುವುದನ್ನು ನಾವು ಬೇಡವೆನ್ನುವವರಲ್ಲ. ಔಷಧಗಳು ಹೆಚ್ಚಿವೆ, ಯಂತ್ರಗಳು ಹೆಚ್ಚಿವೆ, ರೋಗಿಗಳು ಹಿಂದಿಗಿಂತ ವೃದ್ಧರೂ ದುರ್ಬಲರೂ ಆಗಿದ್ದಾರೆ. ವೈದ್ಯರ ಸರಿಸಮಕ್ಕೆ ನಿಂತು ಮಾತಾಡಬೇಕಾದವರಿಗೆ ದೊಡ್ಡ ಪದವಿಯು ಗೌರವವನ್ನು ತರುತ್ತದೆಂಬ ವಾದವೂ ಹುರುಳಿಲ್ಲದ್ದಲ್ಲ. ಆದರೆ ಮೂರು ವರ್ಷಗಳ ಈ ಅಭ್ಯಾಸದಲ್ಲಿ ನೌಕರಿಯನ್ನು ಮಾಡುವುದು ಅಸಾಧ್ಯಕ್ಕೆ ಸಮೀಪ. ಅಂದರೆ ಸಂಬಳವೂ ಇಲ್ಲ, ಮೇಲೆ ಶುಲ್ಕವೂ ಉಂಟು; ಬಹು ಶಾಲೆಗಳಲ್ಲಿ ಒಟ್ಟು ವೆಚ್ಚವು ಒಂದು ಲಕ್ಷ ಡಾಲರನ್ನು ಮೀರುತ್ತದೆ.

ಇದುವರೆಗೆ ಈ ಭಾರವನ್ನು ಹೊರಲು ಅಲ್ಲಿನ ಸರ್ಕಾರದ ಸಾಲವು ಊರುಗೋಲಾಗಿದ್ದಿತು. ೨೦೨೫ನೆಯ ಜುಲೈ ೪ರಂದು ಅಧ್ಯಕ್ಷರ ರುಜುವಾದ ಕಾಯಿದೆಯು ಆ ಊರುಗೋಲನ್ನು ಕಿರಿದುಮಾಡಿತು. ಶಿಕ್ಷಣದ ಪೂರ್ಣ ವೆಚ್ಚಕ್ಕೂ ದೊರೆಯುತ್ತಿದ್ದ ಸಾಲವನ್ನು ೨೦೨೬ರ ಜುಲೈ ೧ರಿಂದ ಹೊಸಬರಿಗೆ ನಿಲ್ಲಿಸಿ, ಸಾಮಾನ್ಯ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ವರ್ಷಕ್ಕೆ ೨೦,೫೦೦ ಡಾಲರ್, ಒಟ್ಟು ೧ ಲಕ್ಷ ಡಾಲರ್ ಎಂದೂ, ವೈದ್ಯ, ನ್ಯಾಯ ಮೊದಲಾದ ವೃತ್ತಿಶಿಕ್ಷಣದವರಿಗೆ ವರ್ಷಕ್ಕೆ ೫೦,೦೦೦, ಒಟ್ಟು ೨ ಲಕ್ಷ ಡಾಲರ್ ಎಂದೂ ಮಿತಿಯನ್ನು ಗೊತ್ತುಪಡಿಸಿತು. ೨೦೨೫ರ ನವೆಂಬರಿನಲ್ಲಿ ಶಿಕ್ಷಣ ಇಲಾಖೆಯ ಸಮಿತಿಯು ಒಪ್ಪಿದ ಕರಡಿನಲ್ಲಿ “ವೃತ್ತಿಶಿಕ್ಷಣ”ದ ಪಟ್ಟಿಯೊಳಗೆ ವೈದ್ಯರಿದ್ದರು, ವಕೀಲರಿದ್ದರು, ಪಶುವೈದ್ಯರಿದ್ದರು, ಧರ್ಮಶಾಸ್ತ್ರದವರೂ ಇದ್ದರು, ದಾದಿಯರು ಇರಲಿಲ್ಲ.

ಶುಲ್ಕಗಳು ಮಿತಿಮೀರಿ ಏರಿರುವುದರಿಂದ ಸಾಲಕ್ಕೆ ಕಡಿವಾಣ ಹಾಕಿದರೆ ವಿದ್ಯಾಲಯಗಳು ತಾವಾಗಿ ದರವನ್ನು ಇಳಿಸುವುವೆಂದು ಆ ಕಾಯಿದೆಯ ಪಕ್ಷದವರು ಹೇಳುತ್ತಾರೆ. ಅದು ನಿಜವಾದರೆ ಸಂತೋಷವೇ. ಆದರೆ ದರವು ಇಳಿಯುವ ತನಕ ಅರ್ಜಿದಾರನ ಗತಿಯೇನು? ತಂದೆತಾಯಿಗಳು ಅನುಕೂಲಸ್ಥರಾಗಿದ್ದವನು ಹೇಗೂ ಓದುತ್ತಾನೆ. ಹಳ್ಳಿಯ ಆಸ್ಪತ್ರೆಯಲ್ಲಿ ಎಂಟು ವರ್ಷ ದುಡಿದು, ಎರಡು ಮಕ್ಕಳನ್ನು ಸಾಕುತ್ತಿರುವ ದಾದಿಯು ಖಾಸಗಿ ಬ್ಯಾಂಕಿನ ಬಡ್ಡಿಗೆ ಅಂಜಿ ಹಿಂದೆಗೆಯುತ್ತಾಳೆ. ಕಲಿತ ಮೇಲೆ ವರ್ಷಕ್ಕೆ ಎರಡು ಲಕ್ಷ ಡಾಲರಿಗೂ ಹೆಚ್ಚಿನ ಸಂಪಾದನೆಯಿದೆ, ಸಾಲವನ್ನು ತೀರಿಸಬಹುದು ಎಂಬ ಸಮಾಧಾನವು ಕಲಿತವರಿಗೆ ಸಲ್ಲುವುದೇ ಹೊರತು, ಕಲಿಯಲಾರದೆ ಹಿಂದಿರುಗಿದವರಿಗೆ ಸಲ್ಲುವುದಿಲ್ಲ. ಹಳ್ಳಿಗೆ ಮರಳಿ ಹೋಗಿ ಸೇವೆ ಮಾಡುವ ಸಂಭವವಿದ್ದವಳು ಆಕೆಯೇ. ಆಕೆಯನ್ನು ಬಾಗಿಲಲ್ಲಿ ತಡೆದರೆ ನಷ್ಟವು ಆಕೆಯೊಬ್ಬಳದಲ್ಲ, ಆ ಹಳ್ಳಿಯ ಗರ್ಭಿಣಿಯರದು, ಗಾಯಾಳುಗಳದು.

ಪರದೇಶದ ಈ ಮಾತನ್ನು ನಾವೇಕೆ ಆಡುತ್ತಿದ್ದೇವೆಂದು ಯಾರಾದರೂ ಕೇಳಬಹುದು. ಕರ್ನಾಟಕದಲ್ಲಿ ಶುಶ್ರೂಷಾ ಕಾಲೇಜುಗಳು ಬೀದಿಬೀದಿಗೂ ಎದ್ದಿವೆ. ಇಲ್ಲಿ ಕಲಿತ ಕನ್ನಡದ ಮಕ್ಕಳೂ ನೆರೆಯ ಪ್ರಾಂತದ ಮಕ್ಕಳೂ ಕಡಲಾಚೆ ಹೋಗುವುದು ವರ್ಷವರ್ಷವೂ ನಡೆದಿದೆ. ಅಮೇರಿಕದ ದಾದಿ ಪರವಾನಗಿಯ ಪರೀಕ್ಷೆಯನ್ನು ಬೆಂಗಳೂರಿನಲ್ಲಿಯೇ ಕುಳಿತು ಬರೆಯುವ ಅನುಕೂಲವೂ ಇದೆ. ಅವರಲ್ಲಿ ಅರಿವಳಿಕೆಯ ಈ ವಿದ್ಯೆಯ ಮೇಲೆ ಕಣ್ಣಿಟ್ಟವರು ಒಂದು ನಿಯಮವನ್ನು ಹೊರಡುವ ಮೊದಲೇ ತಿಳಿದಿರಬೇಕು. ಮಾನ್ಯತಾ ಮಂಡಲಿಯು ಕೇಳುವ ತೀವ್ರನಿಗಾ ಅನುಭವವು ಅಮೇರಿಕದಲ್ಲಿ, ಅದರ ಅಧೀನ ಪ್ರದೇಶಗಳಲ್ಲಿ, ಅಥವಾ ಅದರ ಸೈನ್ಯದ ಆಸ್ಪತ್ರೆಗಳಲ್ಲಿ ಪಡೆದುದೇ ಆಗಿರಬೇಕು. ಬೆಂಗಳೂರಿನಲ್ಲಿಯೋ ಮಂಗಳೂರಿನಲ್ಲಿಯೋ ಹತ್ತು ವರ್ಷ ಮೃತ್ಯುವಿನೊಡನೆ ಸೆಣಸಿದ ಕೈಗೂ ಅಲ್ಲಿ ಲೆಕ್ಕವು ಸೊನ್ನೆಯಿಂದಲೇ ಆರಂಭವಾಗುತ್ತದೆ. ಮೂರು ವರ್ಷದ ಡಿಪ್ಲೊಮಾ ಮಾತ್ರ ಉಳ್ಳವರು ಪದವಿಯನ್ನು ಪೂರೈಸದೆ ಅರ್ಜಿ ಹಾಕುವಂತೆಯೇ ಇಲ್ಲ. ಹೋದೊಡನೆ ಈ ಶಾಲೆಗೆ ಸೇರಿಸುವೆವೆಂದು ಆಸೆ ತೋರಿಸುವ ದಲ್ಲಾಳಿಗಳ ಮಾತಿಗೆ ನಮ್ಮವರು ಕಿವಿಗೊಡದಿರಲಿ.

ಈ ನಿಯಮವನ್ನು ನಾವು ಅನ್ಯಾಯವೆಂದು ಜರೆಯುವುದಿಲ್ಲ. ತಮ್ಮ ಜನರ ಪ್ರಾಣವನ್ನು ಒಪ್ಪಿಸುವ ಮುನ್ನ, ತಮ್ಮ ಔಷಧ, ತಮ್ಮ ಯಂತ್ರ, ತಮ್ಮ ಭಾಷೆಗಳಲ್ಲಿ ನುರಿತವರನ್ನೇ ಬಯಸುವ ಹಕ್ಕು ಯಾವ ರಾಷ್ಟ್ರಕ್ಕೂ ಉಂಟು. ನಮ್ಮ ಮನಸ್ಸನ್ನು ನೋಯಿಸುವುದು ಅವರ ಸೊನ್ನೆಯಲ್ಲ. ನಮ್ಮವರೇ ಹಾಕಿದ ಸೊನ್ನೆ. ನಮ್ಮ ಆಸ್ಪತ್ರೆಯಲ್ಲಿ ಹತ್ತು ವರ್ಷ ದುಡಿದ ದಾದಿಯ ಅನುಭವಕ್ಕೆ ನಾವಾದರೂ ಎಷ್ಟು ಬೆಲೆಯನ್ನು ಕಟ್ಟಿದ್ದೇವೆ? ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ಇಲ್ಲಿ ಸಾರ್ಥಕವಾಗಿದೆ. ಮೊದಲ ದಿನ ಪಡಸಾಲೆಯಲ್ಲಿ ಹೇಗೆ ನಿಂತಳೋ, ನಿವೃತ್ತಿಯ ಹಿಂದಿನ ದಿನವೂ ಬಹುಮಟ್ಟಿಗೆ ಹಾಗೆಯೇ ನಿಂತಿರುತ್ತಾಳೆ. ಮೇಲೇರಬೇಕಾದರೆ ರೋಗಿಯ ಹಾಸಿಗೆಯನ್ನು ಬಿಟ್ಟು ಪಾಠ ಹೇಳಲು ಹೋಗಬೇಕು, ಇಲ್ಲವೇ ದಾಖಲೆಯ ಪುಸ್ತಕಗಳನ್ನು ನೋಡಿಕೊಳ್ಳುವ ಅಧಿಕಾರಿಯಾಗಬೇಕು. ನುರಿತ ಕೈಯನ್ನು ರೋಗಿಯ ಬಳಿಯಲ್ಲಿಯೇ ಇರಿಸಿಕೊಂಡು ಗೌರವಿಸುವ ಏಣಿಯು ನಮ್ಮಲ್ಲಿ ಇಲ್ಲ.

ಇದ್ದ ಒಂದು ಏಣಿಯನ್ನೂ ನಾವು ಗೋಡೆಗೆ ಒರಗಿಸಿ ಮರೆತಂತಿದೆ. ಭಾರತೀಯ ಶುಶ್ರೂಷಾ ಪರಿಷತ್ತು ೨೦೧೬ರ ಸುಮಾರಿಗೆ ತೀವ್ರನಿಗಾ ದಾದಿಯರಿಗೆಂದು ಎರಡು ವರ್ಷಗಳ ಸ್ನಾತಕೋತ್ತರ ಶಿಕ್ಷಣವನ್ನು ಆರಂಭಿಸಿತು. ಪದವೀಧರಳಾದ ದಾದಿಯು ಒಂದು ವರ್ಷ ದುಡಿದ ಮೇಲೆ ಸೇರಿ, ಆಸ್ಪತ್ರೆಯಲ್ಲಿಯೇ ಇದ್ದು ಕಲಿಯತಕ್ಕ ಕ್ರಮವಿದು. ಯೋಚನೆಯು ಉತ್ತಮವಾದುದೇ. ಆದರೆ ಕಲಿತು ಹೊರಬಂದವಳಿಗೆ ಯಾವ ಹುದ್ದೆ, ಯಾವ ಅಧಿಕಾರ, ಯಾವ ಸಂಬಳ ಎಂಬ ಪ್ರಶ್ನೆಗೆ ಸ್ಪಷ್ಟವಾದ ಉತ್ತರವಿಲ್ಲದೆ ಯಾರು ತಾನೆ ಎರಡು ವರ್ಷಗಳನ್ನು ವ್ಯಯಮಾಡಿಯಾರು? ೨೦೨೩ರಲ್ಲಿ ಪಾರ್ಲಿಮೆಂಟು ಹೊಸ ಶುಶ್ರೂಷಾ ಆಯೋಗದ ಕಾಯಿದೆಯನ್ನು ಅಂಗೀಕರಿಸಿತು. ಆ ಕಾಯಿದೆಯ ಸಾರ್ಥಕತೆಯನ್ನು ಇಂಥ ಪ್ರಶ್ನೆಗಳಿಗೆ ಅದು ಕೊಡುವ ಉತ್ತರದಿಂದಲೇ ಅಳೆಯಬೇಕು.

ಹಾಗಾದರೆ ನಮ್ಮ ದಾದಿಯರ ಕೈಯಲ್ಲಿಯೂ ನಾಳೆಯೇ ಅರಿವಳಿಕೆಯನ್ನು ಇಡಬೇಕೆನ್ನುವಿರಾ ಎಂದು ವೈದ್ಯಮಿತ್ರರು ಕೇಳಬಹುದು. ಇಲ್ಲ, ನಾವು ಹಾಗೆ ಹೇಳುವುದಿಲ್ಲ. ನಮ್ಮ ದೇಶದಲ್ಲಿ ಅದು ವೈದ್ಯರ ಕಾರ್ಯವಾಗಿದೆ. ತಕ್ಕ ಶಿಕ್ಷಣವೂ ಕಾಯಿದೆಯೂ ಇಲ್ಲದೆ ಅದನ್ನು ಬದಲಿಸುವುದು ಸಾಹಸವೇ ಹೊರತು ಸುಧಾರಣೆಯಲ್ಲ. ಅಮೇರಿಕದಲ್ಲಿಯೂ ವೈದ್ಯರ ಮೇಲ್ವಿಚಾರಣೆಯು ಎಷ್ಟರ ಮಟ್ಟಿಗೆ ಇರಬೇಕೆಂಬ ವಿವಾದವು ಇನ್ನೂ ಮುಗಿದಿಲ್ಲ. ವೃದ್ಧರ ಸರ್ಕಾರಿ ವಿಮೆಗೆ ಸಂಬಂಧಿಸಿದ ಮೇಲ್ವಿಚಾರಣೆಯ ನಿಯಮದಿಂದ ೨೦೦೧ರಲ್ಲಿ ಐಯೋವಾ ಪ್ರಾಂತವು ಮೊದಲು ಹೊರಬಂದಿತು. ಅನಂತರ ಬೇರೆ ಪ್ರಾಂತಗಳೂ ಹೊರಬಂದವು. ಅರಿವಳಿಕೆ ವೈದ್ಯರ ಸಂಘವು ಇದನ್ನು ಪ್ರತಿಭಟಿಸುತ್ತಲೇ ಇದೆ. ಆದರೆ ವಿಶೇಷಜ್ಞರಲ್ಲದವರಿಗೆ ಈ ವಿದ್ಯೆಯನ್ನು ಕಲಿಸಲಾಗದೆಂದು ಹೇಳುವವರು ನಮ್ಮ ಸರ್ಕಾರದ ಒಂದು ಅನುಭವವನ್ನು ನೆನೆಯಬೇಕು. ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಕಾಲದಲ್ಲಿ, ಹೆರಿಗೆಯ ಅಪಾಯಗಳಿಗೆ ಅರಿವಳಿಕೆ ತಜ್ಞರು ದೊರೆಯದ ಕಾರಣ, ಎಂ.ಬಿ.ಬಿ.ಎಸ್. ವೈದ್ಯರಿಗೆ ೧೮ ವಾರಗಳ ಶಿಕ್ಷಣವನ್ನು ಕೊಟ್ಟು ತಾಲ್ಲೂಕು ಆಸ್ಪತ್ರೆಗಳಲ್ಲಿ ಪ್ರಾಣವನ್ನು ಉಳಿಸುವ ಯತ್ನವು ನಡೆಯಿತು.

ಈ ಶಾಸ್ತ್ರವು ನಮ್ಮ ನೆಲಕ್ಕೆ ಅಪರಿಚಿತವೂ ಅಲ್ಲ. ಕಲಬುರ್ಗಿ, ಬೀದರ, ರಾಯಚೂರುಗಳು ಸೇರಿದ್ದ ಹೈದರಾಬಾದು ಸಂಸ್ಥಾನದ ರಾಜಧಾನಿಯಲ್ಲಿ ೧೮೮೮ ಮತ್ತು ೧೮೮೯ರಲ್ಲಿ ಕ್ಲೋರೋಫಾರ್ಮನ್ನು ಕುರಿತು ನಡೆದ ಪರಿಶೋಧನೆಗಳನ್ನು ಲೋಕವೆಲ್ಲವೂ ಗಮನಿಸಿತು. ಅದೇ ನಗರದಲ್ಲಿ ರೂಪಾಬಾಯಿ ಫರ್ದೂನ್‌ಜೀ ಎಂಬ ಮಹಿಳೆಯು ವೈದ್ಯೆಯಾಗಿ ಕ್ಲೋರೋಫಾರ್ಮ್ ಕೊಡುವ ಕಾರ್ಯವನ್ನು ಬಹುಕಾಲ ನಡೆಸಿ, ಲೋಕದ ಮೊದಲ ಸ್ತ್ರೀ ಅರಿವಳಿಕೆ ತಜ್ಞರಲ್ಲಿ ಒಬ್ಬಳೆನಿಸಿದಳು. ಶಕ್ತಿಗೆ ಕೊರತೆಯಿಲ್ಲ, ಶಕ್ತಿಯನ್ನು ಗುರುತಿಸಿ ಒಳಗೆ ಕರೆಯುವ ಬಾಗಿಲಿಗೆ ಕೊರತೆ.

ಆದುದರಿಂದ ನಮ್ಮ ಸೂಚನೆಯು ಇಷ್ಟೇ. ಸರ್ಕಾರಿ ಜಿಲ್ಲಾ ಆಸ್ಪತ್ರೆಗಳ ತೀವ್ರನಿಗಾ ಘಟಕಗಳಲ್ಲಿ ದುಡಿದ ದಾದಿಯರ ಅನುಭವವು ಅಧಿಕೃತವಾಗಿ ದಾಖಲೆಯಾಗಲಿ. ಆ ಅನುಭವವೇ ಉನ್ನತ ಶಿಕ್ಷಣದ ಪ್ರವೇಶಕ್ಕೆ ಮುಖ್ಯ ಅರ್ಹತೆಯಾಗಲಿ. ಕಲಿಯುವ ಕಾಲದಲ್ಲಿ ಸಂಬಳವು ನಿಲ್ಲದಿರಲಿ. ಕಲಿತು ಬಂದವಳಿಗೆ ಹಾಸಿಗೆಯ ಪಕ್ಕದಲ್ಲಿಯೇ ಗೊತ್ತಾದ ಹುದ್ದೆಯೂ ಅಧಿಕಾರವೂ ದೊರೆಯಲಿ. ಆ ಅಧಿಕಾರದ ಮೇರೆಯು ಎಲ್ಲಿಯವರೆಗೆ ಎಂಬುದನ್ನು ವೈದ್ಯರೂ ದಾದಿಯರೂ ಒಂದೇ ಮೇಜಿನ ಸುತ್ತ ಕುಳಿತು, ಲೆಕ್ಕವನ್ನೂ ಅನುಭವವನ್ನೂ ಮುಂದಿಟ್ಟುಕೊಂಡು ನಿರ್ಣಯಿಸಲಿ. ಆಲಿಸ್ ಮೆಗಾಳಿಗೆ ಮನ್ನಣೆಯನ್ನು ತಂದುದು ಆಕೆ ಬರೆದಿಟ್ಟ ಲೆಕ್ಕವೇ ಎಂಬುದನ್ನು ಎರಡು ಪಕ್ಷದವರೂ ಮರೆಯದಿರಲಿ.

ಹೊರದೇಶಕ್ಕೆ ಹೋಗಿ ಕಲಿಯುವ ಮಕ್ಕಳಿಗೆ ನಮ್ಮ ಆಶೀರ್ವಾದವಿದೆ; ಅವರ ದಾರಿಗೆ ಅಡ್ಡ ಬರುವುದು ನಮ್ಮ ಉದ್ದೇಶವಲ್ಲ. ಆದರೆ ಈ ರಾತ್ರಿ ನಮ್ಮ ಯಾವುದೋ ಜಿಲ್ಲಾ ಆಸ್ಪತ್ರೆಯಲ್ಲಿ, ಯಂತ್ರದ ಗಂಟೆಯು ಬಾರಿಸುವ ಮೊದಲೇ ರೋಗಿಯ ಬಣ್ಣ ಕೆಟ್ಟುದನ್ನು ಕಂಡು ಎದ್ದು ಓಡಿದ ದಾದಿಯೊಬ್ಬಳು ಇದ್ದಾಳೆ. ಅವಳು ನಾಳೆ ಅರ್ಜಿಯೊಂದನ್ನು ಬರೆಯಬೇಕೆಂದು ಕುಳಿತರೆ, ಅದನ್ನು ಸ್ವೀಕರಿಸುವ ಬಾಗಿಲು ಸಾವಿರಾರು ಹರದಾರಿಯ ಆಚೆಗೆ ಮಾತ್ರ ಇರಬೇಕೇ? ಈ ಪ್ರಶ್ನೆಗೆ ಉತ್ತರ ಹೇಳುವ ಹೊಣೆಯು ಅಧಿಕಾರದಲ್ಲಿರುವವರದು. ಉತ್ತರವನ್ನು ಕೇಳಿ ಪಡೆಯುವ ಹೊಣೆಯು ನಮ್ಮ ನಿಮ್ಮೆಲ್ಲರದು.